ಬಿಸಿನೆಸ್ ಕ್ಲಾಸ್ ಟಿಕೆಟ್ ಇತ್ತು, ಮಲಗುವ ಸೀಟು ಇರಲಿಲ್ಲ

ನಮ್ಮದು ರಾಯಚೂರು. ತಂಗಿ ಲಂಡನ್‌ನಲ್ಲಿದ್ದಾಳೆ. ನಾಲ್ಕು ವರ್ಷದಲ್ಲಿ ಐದು ಸಲ ಒಂದೇ ಏರ್‌ಲೈನ್‌ನಲ್ಲಿ ಅವ್ವನನ್ನು ಕರೆದುಕೊಂಡು ಹೋಗಿದ್ದೇನೆ. ಬೆಂಗಳೂರಿಗಿಂತ ಹೈದರಾಬಾದ್ ನಮಗೆ ಹತ್ತಿರ, ಹಾಗಾಗಿ ಅಲ್ಲಿನ ಶಂಶಾಬಾದ್ ಏರ್‌ಪೋರ್ಟಿನಿಂದಲೇ ಹತ್ತುತ್ತೇವೆ, ನಡುವೆ ಒಂದು ಕಡೆ ವಿಮಾನ ಬದಲಿಸಬೇಕು.

ಅವ್ವನ ಮೊಣಕಾಲು ಎರಡೂ ಸವೆದಿವೆ. ಮಡಚಿ ಕೂತರೆ ಎರಡು ತಾಸಿಗೇ ಬಾವು ಬರುತ್ತದೆ. ಊಟ, ಲೌಂಜ್ ಇವೆಲ್ಲ ನಮಗೆ ದೊಡ್ಡದಲ್ಲ. ಕಾಲು ಚಾಚಿ ಮಲಗಲು ಸೀಟು ಬೇಕು, ಅದಕ್ಕೇ ಅಷ್ಟು ದುಡ್ಡು ಕೊಡೋದು.

ಮೊದಲ ಮೂರು ಸಲ ಏನೂ ತೊಂದರೆ ಇರಲಿಲ್ಲ. ಸಾಲಿಗೆ ಒಂದು-ಎರಡು-ಒಂದು ಸೀಟು, ಪೂರ್ತಿ ಹಾಸಿಗೆ ಆಗುತ್ತಿತ್ತು, ಯಾರನ್ನೂ ದಾಟದೆ ಎದ್ದು ಓಡಾಡಬಹುದಿತ್ತು. ನಾಲ್ಕನೇ ಸಲ ಎರಡನೇ ವಿಮಾನ ಹತ್ತಿದರೆ ಎರಡು-ಎರಡು-ಎರಡು! ಹಳೇ ಸೀಟು, ಚಾಚಿದರೂ ಇಳಿಜಾರು, ಅವ್ವ ರಾತ್ರಿಯಿಡೀ ಕೆಳಗೆ ಜಾರುತ್ತಲೇ ಇದ್ದಳು. ಅವಳಿಗೆ ಕಿಟಕಿ ಕಡೆ ಹಾಕಿದ್ದರು, ನನಗೆ ಎರಡು ಸಾಲು ಹಿಂದೆ. ಬಾತ್‌ರೂಮಿಗೆ ಹೋಗಬೇಕಂದರೆ ಮಲಗಿರುವವರ ಕಾಲು ದಾಟಬೇಕು. ಆ ಕಾಲಲ್ಲಿ ಅವಳು ಹೇಗೆ ದಾಟಬೇಕು, ಹೇಳಿ? ಸಂಕೋಚಕ್ಕೆ ನೀರು ಕುಡಿಯೋದನ್ನೇ ಬಿಟ್ಟಳು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದಕ್ಕೇ.

ವಿಮಾನ ಬದಲಾಗುತ್ತದೆ, ಅದು ನನಗೂ ಗೊತ್ತು. ಒಂದು ರಿಪೇರಿಗೆ ನಿಂತರೆ ಕೈಗೆ ಸಿಕ್ಕ ಇನ್ನೊಂದನ್ನು ಕಳಿಸುತ್ತಾರೆ, ಬುಕಿಂಗ್ ಕಡಿಮೆ ಇದ್ದರೆ ಸಣ್ಣದನ್ನು ಹಾಕುತ್ತಾರೆ. ಇಂಥದ್ದೇ ವಿಮಾನ, ಇಂಥದ್ದೇ ಸೀಟು ಅಂತ ಟಿಕೆಟ್ ಷರತ್ತಿನಲ್ಲಿ ಗ್ಯಾರಂಟಿ ಇರೋದಿಲ್ಲ. ಆದರೆ ಒಂದು ಮೆಸೇಜ್ ಕಳಿಸೋಕೆ ಏನು? ಮೊದಲೇ ಗೊತ್ತಾಗಿದ್ದರೆ ನಾನು ದಿನಾಂಕವನ್ನೇ ಬದಲಿಸುತ್ತಿದ್ದೆ.

ಪರಿಹಾರ ಕೇಳಿದೆ. ಕ್ಲಾಸ್ ಬದಲಾಗಿಲ್ಲವಲ್ಲ ಅಂದರು. ನಿಯಮ ಇರೋದೂ ಹಾಗೇ. 2023ರ ಫೆಬ್ರವರಿ 15ರಿಂದ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮದಲ್ಲಿ, ನಮ್ಮ ಒಪ್ಪಿಗೆ ಇಲ್ಲದೆ ಕೆಳಗಿನ ಕ್ಲಾಸಿಗೆ ಇಳಿಸಿದರೆ ದೇಶದೊಳಗಿನ ಪ್ರಯಾಣಕ್ಕೆ ಟಿಕೆಟ್ ಹಣದ 75 ಪರ್ಸೆಂಟ್ ವಾಪಸ್ ಕೊಡಬೇಕು, ಹೊರದೇಶಕ್ಕಾದರೆ ದೂರದ ಮೇಲೆ 30, 50 ಅಥವಾ 75 ಪರ್ಸೆಂಟ್. ಒಳ್ಳೇ ಸೀಟಿನ ಬದಲು ಕೆಟ್ಟ ಸೀಟು, ಆದರೆ ಅದೇ ಕ್ಲಾಸ್ ಅಂದರೆ ಆ ಲೆಕ್ಕಕ್ಕೆ ಬರೋದಿಲ್ಲ. ಸೀಟು ಆರಿಸಲು ಬೇರೆ ಕೊಟ್ಟಿದ್ದ ದುಡ್ಡು ಮಾತ್ರ ಬಂತು, ಅದೂ ಮೂರು ತಿಂಗಳು ಮೇಲ್ ಹಾಕಿ ಹಾಕಿ.

ಐದನೇ ಸಲ ನಾನೇ ವಾರಕ್ಕೆರಡು ಬಾರಿ ಬುಕಿಂಗ್ ತೆಗೆದು ಸೀಟ್ ಮ್ಯಾಪ್, ಅಂದರೆ ವಿಮಾನದಲ್ಲಿ ಸೀಟು ಹೇಗಿವೆ ಅಂತ ತೋರಿಸುವ ಚಿತ್ರ, ನೋಡುತ್ತಿದ್ದೆ. ಹೊರಡೋಕೆ ಹನ್ನೆರಡು ದಿನ ಇರುವಾಗ ಸಾಲಿನ ಆಕಾರ ಬದಲಾಗಿದ್ದು ಕಂಡಿತು. ಕೂಡಲೇ ಫೋನ್ ಮಾಡಿ, ಅವ್ವನ ಕಾಲಿನ ವಿಷಯ ಹೇಳಿ, ಮರುದಿನದ ವಿಮಾನ ಕೇಳಿದೆ. ಆ ಕಡೆ ಇದ್ದ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು ಜಾಸ್ತಿ ದುಡ್ಡು ತೆಗೆದುಕೊಳ್ಳದೆ ಬದಲಿಸಿಕೊಟ್ಟಳು, ಅವಳಿಗೆ ಪುಣ್ಯ ಬರಲಿ. ವೀಲ್‌ಚೇರ್ ತಳ್ಳುವವರೂ ಪ್ರತಿ ಸಲ ಅವ್ವನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ.

ಐದಕ್ಕೆ ಎರಡು ಸ್ಟಾರ್. ಆ ಎರಡೂ ಇವರಿಗೇ. ಬರುವ ಮೇ ತಿಂಗಳ ಟಿಕೆಟ್ ಬೇರೆ ಏರ್‌ಲೈನ್‌ನಲ್ಲಿ ತೆಗೆದಿದ್ದೇನೆ, ಅದರ ಸೀಟ್ ಮ್ಯಾಪನ್ನೂ ನೋಡುತ್ತಲೇ ಇದ್ದೇನೆ.