ಡ್ರ್ಯಾಗನ್ ಬಾಲ್: ಪುಟ್ಟ ಗೋಕುವೋ, ಬಂಗಾರದ ಕೂದಲಿನ ಗೋಕುವೋ?

ನಾನು ಡ್ರ್ಯಾಗನ್ ಬಾಲ್ ಎಂಬ ಜಪಾನಿ ಕಾರ್ಟೂನನ್ನು ಉಲ್ಟಾ ನೋಡಿದವನು. ಚಿಕ್ಕಂದಿನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಮೊದಲು ಸಿಕ್ಕಿದ್ದು ಅದರ ಮುಂದಿನ ಭಾಗ, ಡ್ರ್ಯಾಗನ್ ಬಾಲ್ ಝಡ್. ಕಥಾನಾಯಕ ಗೋಕು ಬಾಲ ಇರುವ ಪುಟ್ಟ ಹುಡುಗನಾಗಿರುವ ಹಳೇ ಸರಣಿ ಮಕ್ಕಳಾಟ ಅಂತ ಮುಟ್ಟಿರಲೇ ಇಲ್ಲ. ಈಗ ಎರಡನ್ನೂ ಸಾಲಾಗಿ ನೋಡಿ ಮುಗಿಸಿದೆ. ಹಳೆಯದು 153 ಎಪಿಸೋಡ್, ಝಡ್ 291. (ಕಥೆಯ ಗುಟ್ಟುಗಳು ಮುಂದೆ ಬರುತ್ತವೆ.)

ಅಸಲಿಗೆ ಅಕಿರಾ ತೊರಿಯಾಮಾ 1984ರಿಂದ 1995ರವರೆಗೆ ಬರೆದ ಮಾಂಗಾ (ಜಪಾನಿ ಕಾಮಿಕ್ಸ್) ಒಂದೇ. ಜಪಾನಿನಲ್ಲಿ ಅದರ 42 ಸಂಪುಟಗಳಿಗೂ ಒಂದೇ ಹೆಸರು. 1989ರಲ್ಲಿ ಗೋಕು ದೊಡ್ಡವನಾಗಿ ಮಗನನ್ನು ಎತ್ತಿಕೊಂಡು ಬರುವ ಹೊತ್ತಿಗೆ ಟಿವಿಯವರು ಝಡ್ ಸೇರಿಸಿದರು, ಅಷ್ಟೇ.

ಹಳೆಯದರಲ್ಲಿ ಜಗಳವೂ ತಮಾಷೆಯೇ. ಮೊದಲ ಕುಸ್ತಿ-ಕಾಳಗದ ಟೂರ್ನಮೆಂಟಿನಲ್ಲಿ ಗೋಕುವಿನ ಗೆಳೆಯ ಕ್ರಿಲಿನ್ ಎದುರು ಬ್ಯಾಕ್ಟೀರಿಯನ್ ಎಂಬ ದಢಿಯ ನಿಲ್ಲುತ್ತಾನೆ. ಹುಟ್ಟಿದಾಗಿನಿಂದ ಸ್ನಾನವನ್ನೇ ಮಾಡದವನು. ಆ ವಾಸನೆಗೆ ಕ್ರಿಲಿನ್ ಇನ್ನೇನು ಬಿದ್ದ ಅನ್ನುವಾಗ ಗೋಕು ಕೂಗುತ್ತಾನೆ: ನಿನಗೆ ಮೂಗೇ ಇಲ್ವಲ್ಲೋ! ಹೌದು, ತೊರಿಯಾಮಾ ಅವನಿಗೆ ಮೂಗು ಬಿಡಿಸಿಯೇ ಇಲ್ಲ. ಕ್ರಿಲಿನ್ ಎದ್ದು ಗೆಲ್ಲುತ್ತಾನೆ. ಫೈನಲ್ಲಿನಲ್ಲಿ ಗೋಕು ಸೋಲುವುದಕ್ಕೂ ಕಾರಣ ಕಾಲು ಗಿಡ್ಡ ಅನ್ನೋದು. ಸೊಗಸು, ಅಲ್ವಾ?

ಝಡ್‌ನಲ್ಲಿ ಆ ಸಲಿಗೆ ಕಡಿಮೆ. ಖಳನಾಯಕ ಫ್ರೀಜಾ ಬಂದ ಮೇಲೆ ಊರಿಗೆ ಊರೇ ಹೆಣ. ಭಯ ನಿಜವಾಗಿಯೂ ಹುಟ್ಟುತ್ತದೆ, ಇಲ್ಲ ಅನ್ನಲ್ಲ. ಆದರೆ ಎಳೆತ! ಇನ್ನು ಐದು ನಿಮಿಷಕ್ಕೆ ಗ್ರಹ ಸಿಡಿಯುತ್ತದೆ ಅಂದ ಫ್ರೀಜಾನ ಐದು ನಿಮಿಷ ಎಪಿಸೋಡ್ ಮೇಲೆ ಎಪಿಸೋಡ್ ಓಡುತ್ತದೆ. ನಾನು ಮಧ್ಯೆ ಎದ್ದು ಅನ್ನಕ್ಕಿಟ್ಟು ಬಂದೆ. ಗೋಕು, ಫ್ರೀಜಾ ಇಬ್ಬರೂ ಇನ್ನೂ ದುರುಗುಟ್ಟಿಕೊಂಡೇ ನಿಂತಿದ್ದರು.

ಹೋಲಿಸಲು ಕ್ರಿಲಿನ್‌ನ ಎರಡು ಸಾವು ಸಾಕು (ಈ ಕಥೆಯಲ್ಲಿ ಸತ್ತವರು ಮತ್ತೆ ಬದುಕಿ ಬರುವುದುಂಟು). ಝಡ್‌ನಲ್ಲಿ ಫ್ರೀಜಾ ಅವನನ್ನು ಆಕಾಶಕ್ಕೆತ್ತಿ ಸಿಡಿಸುತ್ತಾನೆ. ಸಿಟ್ಟಿಗೆ ಗೋಕುವಿನ ಕೂದಲು ಬಂಗಾರವಾಗುತ್ತದೆ. ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಆದರೆ ಕಣ್ಣೆಲ್ಲ ಗೋಕುವಿನ ಮೇಲೆ, ಸತ್ತವನು ಮರೆತೇ ಹೋಗುತ್ತಾನೆ.

ಹಳೆಯದರಲ್ಲಿ ಟೂರ್ನಮೆಂಟ್ ಮುಗಿದಿದೆ, ಎಲ್ಲರಿಗೂ ಹಸಿವು. ಗೋಕು ತನ್ನ ಕೋಲು ಮರೆತು ಬಂದಿದ್ದಾನೆ. ನಾನು ತರ್ತೀನಿ ಅಂತ ಕ್ರಿಲಿನ್ ಒಳಗೆ ಓಡುತ್ತಾನೆ. ಮತ್ತೆ ಬರುವುದಿಲ್ಲ. ಕೊಂದವನ ಬೆನ್ನಟ್ಟಿ ಹೋದ ಗೋಕು, ದಣಿವಿಗೂ ಹಸಿವಿಗೂ ಸೋತು ಕಾಡಿನಲ್ಲಿ ಬೀಳುತ್ತಾನೆ. ಎಚ್ಚರವಾದಾಗ ಯಾರೋ ಸುಡುತ್ತಿದ್ದ ಮೀನಿನ ವಾಸನೆ. ಕೇಳದೆಯೇ ತಿಂದುಬಿಡುತ್ತಾನೆ. ನಗು ಬಂತು, ಗಂಟಲೂ ಕಟ್ಟಿತು. ಮೂಗಿಲ್ಲದ ಆ ಹುಡುಗನ ಜೊತೆ ನೂರು ಎಪಿಸೋಡ್ ನಕ್ಕಿದ್ದೆನಲ್ಲ.

ಹಾಗಾಗಿ ನನ್ನ ಓಟು ಹಳೆಯದಕ್ಕೆ. ಝಡ್‌ನಲ್ಲಿ ನನಗೆ ತೀರಾ ಹಿಡಿಸಿದ್ದೂ ಗೋಕು, ಅವನ ಹಳೇ ವೈರಿ ಪಿಕೊಲೊ ಇಬ್ಬರೂ ಡ್ರೈವಿಂಗ್ ಲೈಸೆನ್ಸ್‌ಗೆ ಹೋಗುವ ಎಪಿಸೋಡ್. ಮಾಂಗಾದಲ್ಲಿ ಇಲ್ಲದ, ಸುಮ್ನೆ ತುಂಬಿದ್ದು ಅಂತ ಅದನ್ನು ಬೈಯುವವರೇ ಜಾಸ್ತಿ. ಆದರೆ ಫ್ರೀಜಾ ಭಾಗವನ್ನು ಟಿವಿಯಲ್ಲಿ ನೋಡಬೇಡಿ, ಮಾಂಗಾದಲ್ಲಿ ಓದಿ. ಅಲ್ಲಿ ಐದು ನಿಮಿಷ ಬೇಗ ಮುಗಿಯುತ್ತದೆ.