ಗಂಡ ಹೆಂಡ್ತಿ ಕೌನ್ಸೆಲಿಂಗ್: 4 ಸ್ಟಾರ್, ಒಂದು ಸ್ಟಾರ್ ಕಟ್ ಮಾಡಿದ್ದು ರಿಸೆಪ್ಷನ್‌ಗೆ

ದಿನಾ ಜಗಳ ಆಡೋರು ಕೌನ್ಸೆಲಿಂಗಿಗೆ ಹೋದ್ರೆ ಯಾರೂ ಏನೂ ಕೇಳಲ್ಲ, ನಮ್ಮನೇಲಿ ಜಗಳಾನೇ ಇಲ್ಲ, ಪ್ರಾಬ್ಲಂ ಇರೋದೇ ಅಲ್ಲಿ. ನಮ್ಮ ಯಜಮಾನ್ರು ಒಂದು ಮಾತೂ ಜೋರಾಗಿ ಆಡಲ್ಲ, ಎಲ್ಲದಕ್ಕೂ "ಆಯ್ತು", "ನಿನ್ನಿಷ್ಟ", ಆಮೇಲೆ ಮಾಡೋದು ಮಾತ್ರ ಇಲ್ಲ. ಸಿಟ್ಟನ್ನ ಬಾಯಲ್ಲಿ ಹೇಳದೆ ಈ ಥರ ತೋರಿಸೋದಕ್ಕೆ "ಪ್ಯಾಸಿವ್ ಅಗ್ರೆಶನ್" ಅಂತಾರಂತೆ. ನಮ್ಮಣ್ಣನ ಗೃಹಪ್ರವೇಶದ ದಿನ ಹೊರಡೋ ಟೈಮಿಗೆ ಸರಿಯಾಗಿ ಕಟಿಂಗ್ ಶಾಪಿಗೆ ಹೋಗಿ ಕೂತ್ರು, ನಾವು ತಲುಪೋ ಹೊತ್ತಿಗೆ ಕೊನೇ ಪಂಕ್ತಿಗೆ ಮಜ್ಜಿಗೆ ಬಡಿಸ್ತಿದ್ರು. ಕೇಳಿದ್ರೆ "ಅಲ್ಲಿ ರಶ್ ಇತ್ತು ಕಣೇ, ನಾನೇನ್ ಮಾಡ್ಲಿ".

ಕೌನ್ಸೆಲರ್ ಮೇಡಂ ಪೂರ್ತಿ ಸೆಷನ್ ಈ ಗೃಹಪ್ರವೇಶದ ವಿಷ್ಯ ಒಂದನ್ನೇ ಹಿಡ್ಕೊಂಡ್ರು. ಯಾರದು ತಪ್ಪು ಅಂತ ಕೇಳ್ಲಿಲ್ಲ, "ಸರ್, ಹೋಗೋಕೆ ಇಷ್ಟ ಇತ್ತಾ?" ಅಷ್ಟೇ. ಇವರು ತುಂಬಾ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ರು, ಹಿಂದೆ ನಮ್ಮಣ್ಣ ಸಾಲದ ವಿಷ್ಯ ನೆಂಟರ ಮುಂದೆ ಎತ್ತಿದ್ದು ಇನ್ನೂ ಚುಚ್ತಾ ಇದೆಯಂತೆ. ನನಗೆ ಒಂದಿನಾನೂ ಹೇಳಿರ್ಲಿಲ್ಲ!

1945ರಲ್ಲಿ ಅಮೆರಿಕದ ಸೈನ್ಯದವರೇ ಈ ಪ್ಯಾಸಿವ್ ಅಗ್ರೆಶನ್ ಬಗ್ಗೆ ಬರೆದಿಟ್ಟಿದ್ರಂತೆ, ಆರ್ಡರ್‌ಗೆ ಎದುರು ಮಾತಾಡಲ್ಲ, ಆದ್ರೆ ಮುಖ ಊದಿಸ್ಕೊಂಡು ಕೆಲಸ ಎಳೆದಾಡೋ ಸಿಪಾಯಿಗಳ ಬಗ್ಗೆ. ಡಾಕ್ಟರ್‌ಗಳ ಮಾನಸಿಕ ಕಾಯಿಲೆ ಪುಸ್ತಕ ಡಿಎಸ್‌ಎಂನಲ್ಲೂ ಇತ್ತಂತೆ, 2013ರ ಎಡಿಷನ್‌ನಲ್ಲಿ ಇಲ್ವಂತೆ. ಕಾಯಿಲೆ ಅಲ್ಲ ಅಂದಿದ್ದೇ ತಡ, ಇವರ ಮುಖ ಅರಳಿತು.

ಉಪಯೋಗಕ್ಕೆ ಬಂದಿದ್ದು ಏನಂದ್ರೆ, "ಬೇಜಾರಾಗಿದೆ ಅನ್ಸತ್ತೆ, ಹೌದಾ?" ಅಂತ ಒಂದೇ ಸಲ ಕೇಳ್ಬೇಕು, "ಏನಿಲ್ಲ" ಅಂದ್ರೆ ಅದನ್ನೇ ನಂಬಿ ನಮ್ಮ ಕೆಲಸ ನೋಡ್ಕೋಬೇಕು, ಹಿಂದೆ ಹಿಂದೆ ಹೋಗಿ ಸಮಾಧಾನ ಮಾಡ್ಬಾರ್ದು, ನಾವೂ ಪಾತ್ರೆ ಕುಕ್ಕಬಾರ್ದು. ಇನ್ನೊಂದು, "ಹತ್ತಕ್ಕೆ ಹೊರಡ್ತೀನಿ, ರೆಡಿ ಇಲ್ದಿದ್ರೆ ಆಟೋಲಿ ಹೋಗ್ತೀನಿ" ಅಂತ ಮೊದಲೇ ಹೇಳಿ, ಹೇಳಿದ ಹಾಗೆ ಹೋಗ್ಬಿಡ್ಬೇಕು. ಮೊನ್ನೆ ನಾಮಕರಣಕ್ಕೆ ಇವರೇ ಬಾಯ್ಬಿಟ್ಟು "ನಾನು ಬರಲ್ಲ, ನೀನು ಹೋಗ್ಬಾ" ಅಂದ್ರು. ಉರಿದೋಯ್ತು, ಆದ್ರೆ ಟೈಮಿಗೆ ಸರಿಯಾಗಿ ತಲುಪಿದೆ.

ಬೈಯೋದಕ್ಕೂ ಇದೆ. ಸೆಷನ್‌ಗೆ 1,500 ರೂಪಾಯಿ ತಗೊಂಡು ಮನೇಲಿ ತುಂಬ್ಸಿ ಅಂತ ಕೊಡೋ ಶೀಟ್ ಪೂರ್ತಿ ಇಂಗ್ಲಿಷ್, ಮೇಡಂ ಮಾತಾಡೋದು ಅಷ್ಟು ಚೆಂದದ ಕನ್ನಡ. ರಿಸೆಪ್ಷನ್ ಹುಡುಗಿಗೆ ಡೇಟ್ ಚೇಂಜ್ ಮಾಡಿ ಅಂದ್ರೆ "ಆಯ್ತು ಮೇಡಂ, ಕಾಲ್ ಮಾಡ್ತೀವಿ", ಕಾಲ್ ಬರೋದೇ ಇಲ್ಲ, ಮೊದಲು ಆ ಹುಡುಗೀನ ಒಳಗೆ ಕೂರಿಸ್ಬೇಕು.

ದುಡ್ಡಿನ ಯೋಚನೆ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಹೊಡೆತ, ಹೆದರಿಕೆ ಇರೋ ಮನೆ ಆದ್ರೆ ಈ ಟ್ರಿಕ್ಕೆಲ್ಲ ಬೇಡ, ಸೀದಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಇಲ್ಲಿಗೆ ಬರೋರು ಭಾನುವಾರದ ಸ್ಲಾಟ್ ತಗೋಬೇಡಿ, ಒಬ್ಬರದು ಮುಗಿಯೋ ಮುಂಚೆ ಇನ್ನೊಬ್ಬರು ಬಾಗಿಲು ತಟ್ತಾರೆ.