ಝೈರೀಕಾ: ನಾಲ್ಕು ಸಿ.ಡಿ., ನಾಲ್ಕು ಜನ, ಒಂದು ತೊಟ್ಟಿಮನೆ

ಫ್ಲೇಮಿಂಗ್ ಲಿಪ್ಸ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ವೇದಿಕೆಯ ಅಬ್ಬರ. ಅಮೆರಿಕದ ಒಕ್ಲಹೋಮಾದಲ್ಲಿ 1983ರಲ್ಲಿ ಶುರುವಾದ ಈ ಬ್ಯಾಂಡಿನ ಗಾಯಕ ವೇಯ್ನ್ ಕಾಯ್ನ್ ದೊಡ್ಡ ಪ್ಲಾಸ್ಟಿಕ್ ಗುಳ್ಳೆಯೊಳಗೆ ಹೊಕ್ಕು ಜನರ ತಲೆಯ ಮೇಲೆ ಉರುಳಿಕೊಂಡು ಹೋಗುತ್ತಾನೆ. ಪ್ರಾಣಿವೇಷದವರು ಕುಣಿಯುತ್ತಾರೆ, ಬಣ್ಣದ ಕಾಗದದ ಚೂರು ಸುರಿಯುತ್ತದೆ. 2021ರ ಜನವರಿಯಲ್ಲಿ, ಕೊರೊನಾ ಕಾಲದಲ್ಲಿ, ಕೇಳಲು ಬಂದವರನ್ನೂ ಗುಳ್ಳೆಗಳೊಳಗೆ ನಿಲ್ಲಿಸಿ ಕಾರ್ಯಕ್ರಮ ಕೊಟ್ಟರು. ಅದನ್ನೆಲ್ಲ ತೀರ್ಥಹಳ್ಳಿಗೆ ತರಿಸಲಾಗದು. ಮನೆಗೆ ತರಬಹುದಾದ ಅವರ ಹುಚ್ಚು ಒಂದಿದೆ: 1997ರ ಆಲ್ಬಮ್ ‘ಝೈರೀಕಾ’.

ಒಳಗೆ ನಾಲ್ಕು ಸಿ.ಡಿ. ನಾಲ್ಕರಲ್ಲೂ ಅದೇ ಎಂಟು ಹಾಡು, ಆದರೆ ಪ್ರತಿ ಹಾಡಿನ ಒಂದೊಂದು ಪಾಲು ಒಂದೊಂದು ಡಿಸ್ಕಿನಲ್ಲಿ. ನಾಲ್ಕು ಪ್ಲೇಯರಿಗೆ ಹಾಕಿ ಒಟ್ಟಿಗೇ ಗುಂಡಿ ಒತ್ತಬೇಕು. ಇದಕ್ಕೆ ಮೊದಲು ಬ್ಯಾಂಡಿನವರು ಪಾರ್ಕಿಂಗ್ ಜಾಗದಲ್ಲಿ ಹತ್ತಾರು ಕಾರಿನವರಿಗೆ ಬೇರೆ ಬೇರೆ ಕ್ಯಾಸೆಟ್ ಕೊಟ್ಟು ಏಕಕಾಲಕ್ಕೆ ಹಾಕಿಸಿ ನೋಡಿದ್ದರು. ಸಾಗರದ ಕಡೆ ಡೊಳ್ಳು ಮೇಳದ ನಡುವೆ ನಿಂತವರಿಗೆ ಇದು ತೀರಾ ಹೊಸದಲ್ಲ. ಯಾವ ಡೊಳ್ಳಿಗೆ ಹತ್ತಿರ ನಿಂತಿದ್ದೀರೋ ಆ ಡೊಳ್ಳಿನ ಕುಣಿತವೇ ನಿಮ್ಮದು, ಎರಡು ಹೆಜ್ಜೆ ಸರಿದರೆ ಬೇರೆಯದು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಝೈರೀಕಾಕ್ಕೆ ಹತ್ತಕ್ಕೆ 0.0 ಅಂಕ ಕೊಟ್ಟಿತ್ತು. ಅದು ಹಾಡಿಗಿಂತ ಗೋಜಿಗೆ ಬಿದ್ದ ಅಂಕ.

ಗೋಜು ಇರುವುದು ನಿಜ. ಸಿ.ಡಿ. ಪ್ಲೇಯರ್ ಈಗ ಅಪರೂಪ, ಆದರೆ ಹಳೆಯ ಡಿವಿಡಿ ಪ್ಲೇಯರ್ ಅಟ್ಟದ ಮೇಲೆ ಇಲ್ಲದ ಮನೆ ಕಡಿಮೆ. ಅದು ಸಾಕು. ಕೆಂಪು-ಬಿಳಿ ವೈರನ್ನು ಯಾವ ಸ್ಪೀಕರಿಗಾದರೂ ಕೊಡಿ. ತೊಂದರೆ ಬರುವುದು ಒಂದೊಂದು ಪ್ಲೇಯರ್ ಡಿಸ್ಕ್ ಓದಲು ಒಂದೊಂದು ಹೊತ್ತು ತೆಗೆದುಕೊಳ್ಳುವುದರಿಂದ. ನಾಲ್ವರೂ ಒಂದೇ ಸಲ ಪ್ಲೇ ಒತ್ತಿದರೂ ಶುರುವಿನಲ್ಲೇ ಒಂದೆರಡು ಸೆಕೆಂಡು ಅಂತರ ಬಿದ್ದಿರುತ್ತದೆ. ಹಾಗಾಗಿ ಮೊದಲು ಪ್ಲೇ ಒತ್ತಿ, ಹಾಡಿನ ಬಾಯಲ್ಲೇ ಪಾಸ್ (ತಡೆ) ಗುಂಡಿ ಒತ್ತಿ, ನಾಲ್ಕೂ ಪರದೆಯಲ್ಲಿ ಸೊನ್ನೆ ಸಮಯ ಕಂಡ ಮೇಲೆ ಒಬ್ಬರು ಮೂರು ಎಣಿಸಿ ಎಲ್ಲರೂ ಪಾಸ್ ಬಿಡಬೇಕು. ಮೊಬೈಲಿಗೆ ಹಾಕಿಕೊಂಡು ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುವ ಆಸೆ ಬೇಡ. ಬ್ಲೂಟೂತಿನ ತಡ ಸೆಕೆಂಡಿನ ಐದನೇ ಒಂದು ಪಾಲನ್ನೂ ಮುಟ್ಟಬಹುದು, ಅದೂ ಸ್ಪೀಕರಿನಿಂದ ಸ್ಪೀಕರಿಗೆ ಬೇರೆ. ಆಕ್ಸ್ ವೈರ್ ಹಾಕಿ.

ಸರಿಯಾಗಿ ಶುರು ಮಾಡಿದರೂ ಜಾರುತ್ತದೆ. ಪ್ರತಿ ಪ್ಲೇಯರಿನ ಒಳಗೂ ಒಂದು ಕ್ವಾರ್ಟ್ಜ್ ಹರಳಿನ ಗಡಿಯಾರವಿದೆ, ಯಾವ ಎರಡೂ ತದ್ವತ್ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ನಿಮಿಷಕ್ಕೆ 3 ಮಿಲಿಸೆಕೆಂಡು, ಮುಕ್ಕಾಲು ಗಂಟೆಗೆ 135. ಅಂತರ ಸುಮಾರು 50 ಮಿಲಿಸೆಕೆಂಡು ದಾಟಿದರೆ ಡ್ರಮ್ಮಿನ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಪ್ರತಿ ಹಾಡಿಗೂ ನಿಲ್ಲಿಸಿ ಹೊಸದಾಗಿ ಎಣಿಸಿದರೆ ಈ ತಾಪತ್ರಯ ಮುಗಿಯಿತು. ಸ್ವಲ್ಪ ಜಾರಲು ಬಿಟ್ಟರೂ ಕೆಡುವುದಿಲ್ಲ, ಆ ಜಾರುವಿಕೆಯೂ ಇಲ್ಲಿ ವಾದ್ಯವೇ. ಎಲ್.ಪಿ. (ಗ್ರಾಮಫೋನ್ ತಟ್ಟೆ) ಆವೃತ್ತಿಯ ಕತೆ ಬೇರೆ. ಟರ್ನ್‌ಟೇಬಲ್ ವೇಗ ಶೇ. 0.1ರಷ್ಟು ಹೆಚ್ಚುಕಡಿಮೆಯಾದರೂ ನಿಮಿಷಕ್ಕೆ 60 ಮಿಲಿಸೆಕೆಂಡು ಹೋಗುತ್ತದೆ. ಸಿ.ಡಿ.ಯೇ ಕೊಳ್ಳಿ.

ಜಾಗಕ್ಕೆ ಮಲೆನಾಡಿನ ತೊಟ್ಟಿಮನೆಗಿಂತ ಒಳ್ಳೆಯದು ಸಿಗಲಾರದು. ನಾಲ್ಕು ಜಗುಲಿಗೆ ನಾಲ್ಕು ಸ್ಪೀಕರ್, ಮುಖ ಅಂಗಳಕ್ಕೆ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಅಂಗಳದಲ್ಲಿ ಎಲ್ಲಿ ಕುಳಿತರೂ ಈ ತಡ ಕಿವಿಗೆ ಕಿರಿಕಿರಿಯಾಗದು. ಆರ್‌ಸಿಸಿ ಮನೆಯ ಬೋಳು ಕೋಣೆ ಗುಂಯ್‌ಗುಟ್ಟುತ್ತದೆ, ಕಂಬಳಿ-ಚಾಪೆ ಹಾಸಿದರೆ ಎಷ್ಟೋ ವಾಸಿ. ಒಂದೊಂದೇ ಸ್ಪೀಕರ್ ಹಾಕಿ, ನಡುವೆ ನಿಂತವರ ಕಿವಿಗೆ ನಾಲ್ಕೂ ಸಮ ಕೇಳುವಂತೆ ವಾಲ್ಯೂಮ್ ಹೊಂದಿಸಿ. ಎಲ್ಲಕ್ಕಿಂತ ಚಿಕ್ಕ ಸ್ಪೀಕರ್ ಒಡೆಯದಷ್ಟೇ ಜೋರು ಉಳಿದವೂ ಇರಲಿ.

ಮಳೆಗಾಲದಲ್ಲಿ ಬೇಡ. ಆಗುಂಬೆ ಕಡೆಯ ಜಡಿಮಳೆ ತಗಡಿನ ಮಾಡಿಗೆ ಬಡಿಯುವಾಗ ಮೆಲುದನಿಯ ಭಾಗಗಳೆಲ್ಲ ಮುಚ್ಚಿಹೋಗುತ್ತವೆ, ಕರೆಂಟೂ ನಂಬಿಕೆಯದಲ್ಲ. ದೀಪಾವಳಿ ಕಳೆದ ಮೇಲೆ ಒಳ್ಳೆಯದು. ಹೊತ್ತು ಯಾವುದಾದರೂ ಯುಪಿಎಸ್ ಇರಲಿ: ಒಂದು ಪ್ಲೇಯರ್ ಮಾತ್ರ ಆರಿದರೂ ಹಾಡು ಮೊದಲಿಂದ. ಅಟ್ಟದಿಂದ ಇಳಿಸಿದ ಪ್ಲೇಯರ್ ‘ನೋ ಡಿಸ್ಕ್’ ಅಂದರೆ ಎಷ್ಟೋ ಸಲ ಲೆನ್ಸಿನ ಮೇಲೆ ಧೂಳೋ ಥಂಡಿಯ ಮಂಜೋ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ.

ಕಂಪ್ಯೂಟರಿನಲ್ಲಿ ನಾಲ್ಕನ್ನೂ ಬೆರೆಸಿ ಇಯರ್‌ಫೋನಿನಲ್ಲಿ ಕೇಳುವವರಿದ್ದಾರೆ. ಹಾಡು ಗೊತ್ತಾಗುತ್ತದೆ, ದಿಕ್ಕು ಕಳೆದುಹೋಗುತ್ತದೆ. ಅದಕ್ಕಿಂತ ಎರಡೇ ಡಿಸ್ಕ್ ಎರಡು ಕೋಣೆಯಲ್ಲಿ ಹಾಕುವುದು ಮೇಲು. ಹಾಗೆ ಕೇಳಲೂ ಬರುವಂತೆಯೇ ಮಾಡಿದ್ದಾರೆ. ಒತ್ತಲು ಮೂರು ಜನ ಗೆಳೆಯರು ಸಿಗದವರು ಮಾತ್ರ ದುಡ್ಡು ಹಾಕುವುದು ದಂಡ.

ಆರನೇ ಹಾಡಿನಲ್ಲಿ ತೀರಾ ಮೇಲಿನ, ತೀರಾ ಕೆಳಗಿನ ಸ್ವರಗಳಿವೆ. ತಲೆ ಸುತ್ತಬಹುದೆಂದು ಅವರೇ ಎಚ್ಚರಿಸಿದ್ದಾರೆ, ಕೂಸುಗಳನ್ನು ಒಳಗೆ ಕಳಿಸಿ. ಕೊನೆಯ ಹಾಡು ಮುಗಿಯುವುದು ನಾಯಿಗಳ ಬೊಗಳಿಕೆಯಲ್ಲಿ. ಆ ಹೊತ್ತಿಗೆ ಮನೆಯ ನಾಯಿ ಕೊಟ್ಟಿಗೆಯಿಂದಲೇ ದನಿಗೂಡಿಸಿದರೆ ಗದರಬೇಡಿ, ಐದನೇ ಡಿಸ್ಕ್ ಅಂದುಕೊಳ್ಳಿ.